ಪಾಲಿಪ್ ತೆಗೆಸುವಾಗ ರೋಗಿಯ ಹಿತ: ಬೆಂಗಳೂರಿನ ಒಂದು ಎಂಡೋಸ್ಕೋಪಿ ಘಟಕದ ಬಗ್ಗೆ

ನಮ್ಮ ತಂದೆಯವರ ದೊಡ್ಡ ಕರುಳಿನಲ್ಲಿದ್ದ ಪಾಲಿಪ್‌ಗಳನ್ನು, ಅಂದರೆ ಒಳಪದರದಲ್ಲಿ ಬೆಳೆದ ಸಣ್ಣ ಗಂಟುಗಳನ್ನು, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದ ಮೂಲಕ ದೊಡ್ಡ ಕರುಳಿಗೆ ತೂರಿಸಿ ನೋಡುವ ವಿಧಾನ) ಮೂಲಕ ತೆಗೆಸಿದೆವು. ವೈದ್ಯರ ಕೌಶಲವನ್ನು ಅಳೆಯುವ ಅರ್ಹತೆ ನನಗಿಲ್ಲ. ಅಲ್ಲಿ ರೋಗಿಗೆ ಎಷ್ಟು ಹಿತವಾಯಿತು ಎಂಬುದನ್ನಷ್ಟೇ ಬರೆಯುತ್ತಿದ್ದೇನೆ.

ನಾನು ಮೊದಲು ಮೆಚ್ಚಿದ್ದು, ಕರುಳನ್ನು ಹಿಗ್ಗಿಸಲು ಅವರು ಸಾಮಾನ್ಯ ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸುವುದನ್ನು. ಗುದದ್ವಾರದ ಸಮೀಪದ ಭಾಗವನ್ನು ಬಿಟ್ಟರೆ, ಕರುಳಿನ ಒಳಪದರವನ್ನು ಕತ್ತರಿಸಿದರೂ ನೋವು ತಿಳಿಯುವುದಿಲ್ಲ. ನೋವಾಗುವುದು ಕರುಳು ಉಬ್ಬಿದಾಗ ಮತ್ತು ಕೊಳವೆ ಒಳಗೆ ಸುತ್ತಿಕೊಂಡು ಅದನ್ನು ಎಳೆದಾಗ. ಗಾಳಿಯಲ್ಲಿರುವ ಸಾರಜನಕ ಬೇಗ ಕರಗದೆ ಹೊಟ್ಟೆಯುಬ್ಬರ ಬಹಳ ಹೊತ್ತು ಉಳಿಯುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ಬೇಗನೆ ರಕ್ತಕ್ಕೆ ಸೇರಿ ಉಸಿರಿನೊಂದಿಗೆ ಹೊರಹೋಗುತ್ತದೆ. ಹಿಂದೆ ಬೇರೊಂದು ಕಡೆ ಪರೀಕ್ಷೆ ಮಾಡಿಸಿದಾಗ ಸಂಜೆಯವರೆಗೂ ಹೊಟ್ಟೆ ಹಿಡಿದುಕೊಂಡೇ ಕುಳಿತಿದ್ದ ತಂದೆ, ಈ ಸಲ ಎಚ್ಚರವಾದ ಸ್ವಲ್ಪ ಹೊತ್ತಿಗೆಲ್ಲ ಕಾಫಿ ಕೇಳಿದರು. ನರ್ಸ್ ಒಬ್ಬರು ತಂದೆಯವರನ್ನು ಎಡಮಗ್ಗುಲಿಗೆ ತಿರುಗಿಸಿ, ಹೊದಿಕೆಯನ್ನು ಸರಿಪಡಿಸಿ, "ಗ್ಯಾಸ್ ಹೋದರೆ ಸಂಕೋಚ ಪಡಬೇಡಿ ಯಜಮಾನ್ರೇ, ಹೋಗಲೇಬೇಕು" ಎಂದು ಮೆಲ್ಲಗೆ ಹೇಳಿದ್ದು ಅವರಿಗೆ ಔಷಧಿಯಷ್ಟೇ ಉಪಕಾರ ಮಾಡಿತು.

ಮಂಪರಿಗೆ ಪ್ರೊಪೊಫಾಲ್ ಎಂಬ ಔಷಧಿ ಕೊಟ್ಟಿದ್ದರು. ಅರಿವಳಿಕೆ ತಜ್ಞರು ಗೊರಕೆ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಔಷಧಿ ಎಲ್ಲವನ್ನೂ ಮೊದಲೇ ವಿಚಾರಿಸಿದರು. 10 ಮಿಲಿಮೀಟರ್‌ಗಿಂತ ಚಿಕ್ಕ ಪಾಲಿಪ್‌ಗಳನ್ನು ವಿದ್ಯುತ್ ಹಾಯಿಸದೆ, ಬರಿಯ ತಂತಿಯ ಕುಣಿಕೆಯಿಂದಲೇ ಕತ್ತರಿಸಿದರು; ಹೀಗೆ ಮಾಡಿದರೆ ಆಮೇಲೆ ರಕ್ತಸ್ರಾವವಾಗುವ ಸಂಭವ ಕಡಿಮೆಯೆಂದು ವೈದ್ಯರು ಕನ್ನಡದಲ್ಲೇ ವಿವರಿಸಿದ್ದರಿಂದ ಮನೆಯವರ ಆತಂಕವೂ ಇಳಿಯಿತು.

ಆದರೆ ಇಷ್ಟು ಕಾಳಜಿಯುಳ್ಳವರು ಹಿಂದಿನ ದಿನದ ಸಿದ್ಧತೆಯನ್ನು ಕಡೆಗಣಿಸಿರುವುದು ನನಗೆ ನಿಜಕ್ಕೂ ಬೇಸರ ತಂದಿತು. ರೋಗಿಯನ್ನು ಹೆಚ್ಚು ಬಳಲಿಸುವುದು ಕರುಳನ್ನು ಖಾಲಿ ಮಾಡಲು ಕುಡಿಯಬೇಕಾದ ಭೇದಿ ಔಷಧಿಯೇ. ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಬೆಳಗಿನ ಜಾವ ಕುಡಿಯಬೇಕೆಂಬ ಸೂಚನೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಎಳನೀರು ಕುಡಿಯಬಹುದು, ಮಜ್ಜಿಗೆ ಕೂಡದು ಎಂಬ ಸಣ್ಣ ಮಾತಿಗೂ ನಾವು ಆಸ್ಪತ್ರೆಗೆ ಮತ್ತೆ ಮತ್ತೆ ಫೋನ್ ಮಾಡಬೇಕಾಯಿತು. ಕಾಯುವ ಕೋಣೆಯಿಂದ ಶೌಚಾಲಯ ದೂರವಿದ್ದು, ಇನ್ನೂ ಹೊಟ್ಟೆ ತೊಳಸುತ್ತಿರುವ ವೃದ್ಧರು ಕಾರಿಡಾರ್ ದಾಟಿ ಓಡಬೇಕಾದ ಸ್ಥಿತಿಯಿದೆ. ಅರಿವಳಿಕೆ ತಜ್ಞರ ಶುಲ್ಕ ಪ್ರತ್ಯೇಕವೆಂದು ತಿಳಿದದ್ದೂ ಬಿಲ್ ಕೈಗೆ ಬಂದಾಗಲೇ.

ಇವುಗಳ ನಡುವೆಯೂ ಚಿಕಿತ್ಸೆಗಾಗಿ ಈ ಘಟಕವನ್ನು ನಾನು ಶಿಫಾರಸು ಮಾಡುತ್ತೇನೆ. ಹೋಗುವವರು ಸೂಚನಾ ಪತ್ರವನ್ನು ಕೌಂಟರಿನಲ್ಲೇ ಕನ್ನಡದಲ್ಲಿ ಓದಿಸಿಕೊಂಡು, ಒಟ್ಟು ಖರ್ಚನ್ನು ಬರೆಸಿಕೊಂಡು ಬರುವುದು ಒಳ್ಳೆಯದು.