ಹಳೇ ಪಿಕಪ್ಪಲ್ಲಿ ಲೋಡ್ ಹಾಕಿ ಘಾಟಿ ಇಳಿಯೋರು ದಯವಿಟ್ಟು ಓದಿ, ಹಿಂದಿನ ಬ್ರೇಕ್ ಸರಿ ಇದೆ ಅಂತ ನಂಬಿ ನಾವು ಸಾಯೋದ್ರಲ್ಲಿದ್ವಿ

ನಮ್ಮದು 2011ರ ಮಾಡೆಲ್ ಪಿಕಪ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಚಿಕ್ಕಮಗಳೂರಿಂದ ಮಂಗಳೂರಿಗೆ ಕೋಸು, ಬೀನ್ಸ್, ಹಸಿಮೆಣಸಿನಕಾಯಿ ಹೊಡೀತೀವಿ, ಮೂಡಿಗೆರೆ ಮೇಲೆ ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಇಳಿದು ಉಜಿರೆ. ವಾರಕ್ಕೆ ಮೂರ್ನಾಲ್ಕು ಸಲ ಇಳಿಯೋ ದಾರಿ, ಕಣ್ಮುಚ್ಚಿದ್ರೂ ತಿರುವು ಗೊತ್ತು ಅನ್ನೋ ಧೈರ್ಯ ಇತ್ತು. ಹೋದ ನವೆಂಬರಲ್ಲಿ ಒಂದು ರಾತ್ರಿ, ಎರಡೂವರೆ ಗಂಟೆ ಇರಬಹುದು, ಕೋಸು ತುಂಬಿದ್ವಿ, ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಅರ್ಧ ಘಾಟಿ ಇಳಿದಿದ್ವಿ, ಅವನು "ಮಾವ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದ. ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ, ಪೆಡಲ್ ಗಟ್ಟಿಯಾಗೇ ಇದೆ, ಗಾಡಿ ಮಾತ್ರ ನಿಧಾನ ಆಗ್ತಿಲ್ಲ. ಅದರ ಮುಂದಿನ ತಿರುವಿಗೆ ಒತ್ತಿದ್ರೆ ಪೆಡಲ್ ಸೀದಾ ಕೆಳಗೆ ಹೋಯ್ತು, ಕಾಲಡಿ ಏನೂ ಇಲ್ಲ.

ಮೂರನೇ ಗೇರಲ್ಲಿ ಇಳೀತಿದ್ದೆ, ಅದು ನನ್ನ ತಪ್ಪು, ಒಪ್ಕೊಳ್ತೀನಿ. ಸೆಕೆಂಡಿಗೆ ಹೇಗೋ ತಳ್ಳಿ, ಹ್ಯಾಂಡ್ ಬ್ರೇಕ್ ಬಟನ್ ಒತ್ತಿ ಹಿಡ್ಕೊಂಡು ಸ್ವಲ್ಪ ಸ್ವಲ್ಪ ಎಳೀತಾ ಬಂದೆ, ಬೆಟ್ಟದ ಬದಿಯ ಚರಂಡಿಗೆ ಎಡಗಡೆ ಚಕ್ರ ಇಳಿಸಿ ಮಣ್ಣಿಗೆ ಉಜ್ಜಿಸಿ ನಿಲ್ಲಿಸಿದೆ. ಎಡಗಡೆ ಕನ್ನಡಿ ಹೋಯ್ತು, ಡಾಲಾ, ಅಂದ್ರೆ ಲೋಡ್ ತುಂಬೋ ತೊಟ್ಟಿ, ಒಂದು ಕಡೆ ನುಗ್ಗಾಯ್ತು, ನಮ್ಮಿಬ್ರಿಗೆ ಏನೂ ಆಗ್ಲಿಲ್ಲ. ಎದುರಿಂದ ಒಂದು ಬಸ್ ಬಂದಿದ್ರೆ ಇದನ್ನ ಬರಿಯೋಕೆ ನಾನಿರ್ತಿರ್ಲಿಲ್ಲ.

ಇಳಿದು ಟಾರ್ಚ್ ಹಾಕಿ ನೋಡಿದ್ರೆ ಮುಂದಿನ ಎರಡೂ ಚಕ್ರದಿಂದ ಹೊಗೆ, ಒಂದಡಿ ದೂರ ನಿಂತ್ರೂ ಮುಖಕ್ಕೆ ಝಳ ಹೊಡೀತಿತ್ತು. ಹಿಂದೆ ಹೋಗಿ ಡ್ರಮ್ (ಹಿಂದಿನ ಬ್ರೇಕ್ ಒಳಗಿರೋ, ಚಕ್ರದ ಜೊತೆ ತಿರುಗೋ ಕಬ್ಬಿಣದ ಡಬ್ಬಿ) ಹತ್ರ ಹೆದರ್ಕೊಂಡೇ ಕೈ ಹಿಡಿದೆ, ಬಿಸಿ ಬರ್ಲಿಲ್ಲ, ಮುಟ್ಟಿದೆ, ಉಗುರು ಬೆಚ್ಚಗಿದೆ ಅಷ್ಟೇ. ಅಷ್ಟುದ್ದ ಘಾಟಿ ಇಳಿದ ಗಾಡಿ, ಕೈ ಇಡೋಕಾಗಬಾರದು ಅಲ್ವಾ. ಅಂದ್ರೆ ಇಡೀ ಲೋಡನ್ನ ಮುಂದಿನ ಬ್ರೇಕ್ ಒಂದೇ ತಡೀತಿತ್ತು, ಹಿಂದಿನದು ಸುಮ್ನೆ ತಿರುಗ್ತಿತ್ತು.

ಇದು ಗೊತ್ತಾಗೋಕೆ ಆ ರಾತ್ರಿವರೆಗೆ ಕಾಯಬೇಕಿರ್ಲಿಲ್ಲ ಅನ್ನೋದೇ ನನಗೆ ಈಗ್ಲೂ ಹೊಟ್ಟೆ ಉರಿಯೋ ವಿಷಯ. ಏಳೆಂಟು ತಿಂಗಳಲ್ಲಿ ಮುಂದಿನ ಪ್ಯಾಡ್ ಎರಡು ಸಲ ಹಾಕ್ಸಿದ್ದೆ. ಲೋಡಲ್ಲಿ ಬ್ರೇಕ್ ಹಿಡಿದ್ರೆ ಮೂತಿ ನೆಲಕ್ಕೆ ಕುಕ್ತಿತ್ತು. ಹಿಂದೆ ಹಿಡೀತಿಲ್ಲ ಅಂತ ಊರ ಗ್ಯಾರೇಜಲ್ಲಿ ಮೂರು ಸಲ ತೋರ್ಸಿದೆ. ಮೊದಲು ಡ್ರಮ್ ಬಿಚ್ಚಿ ಲೈನರ್, ಅಂದ್ರೆ ಡ್ರಮ್ಮಿಗೆ ಉಜ್ಜಿ ಚಕ್ರ ತಡೆಯೋ ಪಟ್ಟಿ, ಅಡ್ಜಸ್ಟ್ ಮಾಡಿದ್ರು, ಲೈನರ್ ಹೊಸದರ ಹಾಗೇ ಇದೆ, ಇನ್ನೂ ಒಂದು ವರ್ಷ ಬರುತ್ತೆ ಅಂದ್ರು, ನಾನೂ ಖುಷಿಪಟ್ಟೆ. ಆಮೇಲೆ ಎರಡೂ ಕಡೆ ವೀಲ್ ಸಿಲಿಂಡರ್ (ಆಯಿಲ್ ಪ್ರೆಶರಲ್ಲಿ ಲೈನರನ್ನ ಡ್ರಮ್ಮಿಗೆ ಒತ್ತೋದು) ಹೊಸದು. ಆಮೇಲೆ ಪೆಡಲ್ ಒತ್ತಿದಾಗ ಪ್ರೆಶರ್ ಕೊಡೋ ಮಾಸ್ಟರ್ ಸಿಲಿಂಡರಿನ ಕಿಟ್. ಪ್ರತಿ ಸಲಾನೂ ಹಿಂದೆ ಜಾಕಿ ಕೊಟ್ಟು ಚಕ್ರ ಎತ್ತಿ, ಒಬ್ಬ ಪೆಡಲ್ ಒತ್ತೋದು, ಇನ್ನೊಬ್ಬ ಚಕ್ರ ತಿರುಗ್ಸೋದು, ಗಪ್ ಅಂತ ನಿಲ್ತಿತ್ತು. "ನೋಡಿ ಸಾರ್, ಹಿಡೀತಿದ್ಯಲ್ಲ" ಅಂತಿದ್ರು. ಕಣ್ಣೆದುರಿಗೇ ಹಿಡೀತಿದೆ, ಇಲ್ಲ ಅಂತ ಹೇಗೆ ಹೇಳೋದು.

ಆ ರಾತ್ರಿ ಒಂದು ಗಂಟೆ ತಣ್ಣಗಾದ್ಮೇಲೆ ಪೆಡಲ್ ಮತ್ತೆ ಮೊದಲಿನ ಹಾಗೇ ಸಿಕ್ತು. ಇದನ್ನ ನಂಬಿ ಹೊರಟು ಹೋಗೋರು ಎಷ್ಟೋ ಜನ, ದಯವಿಟ್ಟು ಹಾಗೆ ಮಾಡ್ಬೇಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರಿನ ಪಸೆ ಎಳ್ಕೊಳ್ಳುತ್ತೆ, ಡಾಟ್ 3 ಅನ್ನೋ ದರ್ಜೆಯ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಅದರ ಲೆಕ್ಕ, ನೀರು ಎಳ್ಕೊಂಡ ಮೇಲೆ ಅದೇ ಲೆಕ್ಕ 140ಕ್ಕೆ ಇಳಿಯುತ್ತೆ. ಕುದ್ರೆ ಪೈಪೊಳಗೆ ಆವಿ, ಆವಿ ಅಂದ್ರೆ ಒತ್ತಿದಷ್ಟೂ ಕುಗ್ಗುತ್ತೆ, ಚಕ್ರಕ್ಕೆ ಒತ್ತಡ ಹೋಗಲ್ಲ. ತಣ್ಣಗಾದ್ರೆ ಆವಿ ಮತ್ತೆ ಆಯಿಲಾಗುತ್ತೆ, ಪೆಡಲ್ ಸರಿ ಹೋಯ್ತು ಅಂತ ಕಾಣುತ್ತೆ, ಆದ್ರೆ ಯಾವುದೂ ಸರಿ ಹೋಗಿರಲ್ಲ. ನಾವು ಬೆಳಕು ಹರಿದ್ಮೇಲೆ ಬೇರೆ ಗಾಡಿ ತರ್ಸಿ ಕೋಸು ಬದಲಾಯಿಸಿ ಕಳ್ಸಿ, ನಮ್ಮ ಗಾಡಿನ ಖಾಲಿ ಮಾಡಿ ಫಸ್ಟ್ ಗೇರಲ್ಲೇ ಇಳಿಸಿದ್ವಿ.

ಉಜಿರೆ ಕಡೆ ಒಬ್ರು ವಯಸ್ಸಾದ ಮೇಸ್ತ್ರಿ ಸಿಕ್ರು. ಅವ್ರು ಸ್ಪ್ಯಾನರ್ ಮುಟ್ಟೋಕೆ ಮುಂಚೆ ಕೇಳಿದ್ದು ಒಂದೇ, "ಹ್ಯಾಂಡ್ ಬ್ರೇಕ್ ಹಿಡೀತದಾ?" ಹಿಡಿಯುತ್ತೆ, ಅದರಿಂದಲೇ ಬದುಕಿದ್ವಿ ಅಂದೆ. "ಹಾಗಾದ್ರೆ ಲೈನರ್, ಡ್ರಮ್ ಸರಿ ಉಂಟು. ಆಯಿಲಿನ ಪ್ರೆಶರ್ ಬರ್ತಾ ಇಲ್ಲ" ಅಂದ್ರು. ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯೋದೂ ಲೈನರ್ ಕೂತಿರೋ ಅದೇ ಹಿಂದಿನ ಶೂಗಳನ್ನೇ, ಅದು ಹಿಡಿದು ಪೆಡಲ್ ಹಿಡಿಯಲ್ಲ ಅಂದ್ರೆ ತೊಂದ್ರೆ ಚಕ್ರದೊಳಗಿಲ್ಲ, ಚಕ್ರದವರೆಗೆ ಬರೋ ದಾರೀಲಿದೆ. ಮೂರು ಸಲ ಚಕ್ರ ಬಿಚ್ಚಿದ್ರಲ್ಲ, ಯಾರೂ ಈ ಪ್ರಶ್ನೆ ಕೇಳಿರ್ಲಿಲ್ಲ.

ಆಮೇಲೆ ಕೆಳಗೆ ಮಲಗಿ ನೋಡಿ, "ಕಮಾನಿಗೆ ಎಷ್ಟು ಪ್ಲೇಟ್ ಹಾಕ್ಸಿದ್ದು ಮಾರಾಯ್ರೇ?" ಅಂದ್ರು. ಜಾಸ್ತಿ ಹೇರೋಕೆ ಅಂತ ಹಿಂದಿನ ಸ್ಪ್ರಿಂಗ್ ಪಟ್ಟಿಗಳಿಗೆ ಎಕ್ಸ್ಟ್ರಾ ಪ್ಲೇಟ್ ಹಾಕ್ಸಿದ್ದೆ, ಎರಡು ಅಂದೆ. ನನ್ನನ್ನೂ ಕೆಳಗೆ ಕರೆದು ತೋರ್ಸಿದ್ರು. ಚಾಸಿಗೆ ಒಂದು ವಾಲ್ವ್ ಕೂತಿದೆ, ಅದರ ಕೈಯಿಂದ ಒಂದು ಸಣ್ಣ ರಾಡ್ ಹಿಂದಿನ ಹೌಸಿಂಗಿಗೆ (ಹಿಂದಿನ ಎರಡೂ ಚಕ್ರದ ನಡುವಿನ ಆಕ್ಸಲ್ ಕವಚ) ಬರುತ್ತೆ. ಎಲ್‌ಎಸ್‌ಪಿವಿ ಅಂತಾರೆ, ಲೋಡ್ ವಾಲ್ವ್. ಲೋಡ್ ಬಿದ್ರೆ ಗಾಡಿ ಕೂರುತ್ತೆ, ಆಗ ರಾಡು ವಾಲ್ವಿನ ಕೈಯನ್ನ ತಳ್ಳುತ್ತೆ, ವಾಲ್ವು ಹಿಂದಿನ ಚಕ್ರಕ್ಕೆ ಜಾಸ್ತಿ ಪ್ರೆಶರ್ ಬಿಡುತ್ತೆ. ಖಾಲಿ ಇದ್ದಾಗ ಕಮ್ಮಿ ಬಿಡುತ್ತೆ, ಇಲ್ಲಾಂದ್ರೆ ಖಾಲಿ ಗಾಡಿ ಹಿಂದಿನ ಚಕ್ರ ಲಾಕ್ ಆಗಿ ಅಡ್ಡ ತಿರುಗುತ್ತೆ. ನಾನು ಎಕ್ಸ್ಟ್ರಾ ಪ್ಲೇಟ್ ಹಾಕ್ಸಿದ್ಮೇಲೆ ಗಾಡಿ ಕೂರೋದೇ ನಿಂತುಹೋಗಿದೆ. "ನೀವು ಎಷ್ಟು ಹೇರಿದ್ರೂ ಇದಕ್ಕೆ ಗೊತ್ತೇ ಆಗುದಿಲ್ಲ, ಖಾಲಿ ಉಂಟು ಅಂತಲೇ ಕೂತಿದೆ" ಅಂದ್ರು. ಆ ರಾಡಿನ ಕೀಲಿನ ಮೇಲೆ ಕೆಸರು ಒಣಗಿ ಪದರ ಕಟ್ಟಿತ್ತು, ಒಂದು ಬಿರುಕೂ ಇಲ್ಲ. ಅಲ್ಲಾಡೋ ಕೀಲಾಗಿದ್ರೆ ಆ ಮಣ್ಣು ನಿಲ್ತಿತ್ತಾ? ಅಲ್ಲಾಡದೇ ಅಲ್ಲಾಡದೇ ವಾಲ್ವೂ ಒಳಗೆ ಜಾಮ್ ಆಗಿತ್ತು.

ಜಾಕಿ ಮೇಲೆ ಚಕ್ರ ಯಾಕೆ ನಿಲ್ತಿತ್ತು ಅಂತ ಕೇಳಿದೆ. ಕಡಿಮೆ ಪ್ರೆಶರನ್ನ ವಾಲ್ವು ತಡೆಯಲ್ಲ, ಹಾಗೇ ಬಿಡುತ್ತೆ, ಗಾಳಿಯಲ್ಲಿ ತೂಗೋ ಚಕ್ರ ನಿಲ್ಸೋಕೆ ಅಷ್ಟು ಸಾಕು. ಇಳಿಜಾರಲ್ಲಿ ಲೋಡ್ ಹೊತ್ತಾಗ ಜೋರಾಗಿ ಒತ್ತುತೀವಲ್ಲ, ಅಲ್ಲಿಂದ ಮೇಲಿನ ಪ್ರೆಶರನ್ನೇ ಅದು ಕತ್ತರಿಸೋದು. ಹಾಗಾಗಿ ಜಾಕಿ ಟೆಸ್ಟ್ ನೋಡಿ ಹಿಂದಿನ ಬ್ರೇಕ್ ಪಾಸ್ ಅಂತ ಯಾರೂ ತಿಳ್ಕೋಬೇಡಿ.

ಎಲ್ಲ ಗಾಡೀಲೂ ಈ ವಾಲ್ವ್ ಇರಲ್ಲ, ಇದೆಯಾ ಅಂತ ಹಿಂದಿನ ಹೌಸಿಂಗ್ ಹತ್ರ ಬಗ್ಗಿ ನೋಡಿ. ಇದ್ರೆ ಖಾಲಿ ಇದ್ದಾಗ ಅದರ ಕೈ ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗುರ್ತು ಹಾಕಿ, ಲೋಡ್ ತುಂಬಿದ್ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಸಿ ಮತ್ತೆ ನೋಡಿ. ಗುರ್ತಿಂದ ಕದಲಿಲ್ಲ ಅಂದ್ರೆ ಆ ಲೋಡ್ ತಗೊಂಡು ಘಾಟಿ ಕಡೆ ಹೋಗ್ಬೇಡಿ. ಲೈನರ್ ಎಣ್ಣೆ ಕುಡಿದಿದ್ಯಾ, ವೀಲ್ ಸಿಲಿಂಡರ್ ರಬ್ಬರ್ ಎತ್ತಿದ್ರೆ ಒಳಗೆ ಹಸಿ ಇದ್ಯಾ, ಅವೆಲ್ಲ ನೋಡ್ಲೇಬೇಕು, ಮೆಕ್ಯಾನಿಕ್ ಸಾಮಾನ್ಯವಾಗಿ ನೋಡೇ ನೋಡ್ತಾರೆ. ಈ ರಾಡ್ ಮಾತ್ರ ನೀವೇ ಕೇಳಿ ನೋಡಿಸ್ಬೇಕು.

ಇನ್ನೊಂದು, ಕೆಲವರು ಈ ವಾಲ್ವ್ ತಲೆನೋವು ಅಂತ ಕಿತ್ತು ನೇರ ಪೈಪ್ ಹಾಕಿಕೊಡ್ತಾರೆ. ನನಗೂ ಒಬ್ರು ಕಮ್ಮಿ ದುಡ್ಡಲ್ಲಿ ಮಾಡ್ಕೊಡ್ತೀನಿ ಅಂದ್ರು. ಮಳೇಲಿ, ಮಂಜಲ್ಲಿ ಖಾಲಿ ವಾಪಸ್ ಬರ್ತಾ ಹಿಂದೆ ಲಾಕ್ ಆದ್ರೆ ಗಾಡಿ ಯಾವ ಕಡೆ ತಿರುಗುತ್ತೋ ದೇವರಿಗೇ ಗೊತ್ತು, ಬೇಡ.

ನಾವು ಹೊಸ ವಾಲ್ವ್ ಹಾಕ್ಸಿದ್ವಿ, ಎರಡೂ ಪ್ಲೇಟ್ ತೆಗ್ಸಿ ರಾಡನ್ನ ಕಂಪನಿ ಅಳತೆಗೆ ಸೆಟ್ ಮಾಡ್ಸಿದ್ವಿ, ಹಳೇ ಆಯಿಲ್ ಪೂರ್ತಿ ಚೆಲ್ಲಿ ಸೀಲ್ ಒಡೆಯದೇ ಇರೋ ಹೊಸ ಡಬ್ಬದ್ದು ಹಾಕಿ ಏರ್ ತೆಗ್ಸಿದ್ವಿ. ಪ್ಲೇಟ್ ಹೋದ್ಮೇಲೆ ಮೊದಲಿನಷ್ಟು ಹೇರೋಕಾಗಲ್ಲ, ಆರ್‌ಸಿಯಲ್ಲಿ ಬರೆದಷ್ಟೇ. ಟ್ರಿಪ್ಪಿಗೆ ಬಾಡಿಗೆ ಕಮ್ಮಿ ಆಗಿದೆ, ಅಕ್ಕನ ಮುಂದೆ ನಿಂತು ಅವಳ ಮಗನ ಸುದ್ದಿ ಹೇಳೋ ಪರಿಸ್ಥಿತಿ ಬರ್ಲಿಲ್ಲವಲ್ಲ, ಅಷ್ಟು ಸಾಕು. ಈಗ ಘಾಟಿ ಇಳಿದ ತಕ್ಷಣ ನಿಲ್ಸಿ ಹಿಂದಿನ ಡ್ರಮ್ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿ ನೋಡ್ತೀನಿ, ಚುರ್ ಅಂದ್ರೆ ಮುಂದೆ ಹೋಗ್ತೀನಿ.

ಆ ಎರಡು ಪ್ಲೇಟ್ ಶೆಡ್ಡಲ್ಲೇ ಬಿದ್ದಿವೆ. ಹೋದ ವಾರ ನಮ್ಮೂರ ಹುಡುಗ ಒಬ್ಬ, "ಅಣ್ಣ, ಸುಮ್ನೆ ಇವೆಯಲ್ಲ, ನನ್ನ ಗಾಡಿಗೆ ಹಾಕ್ಸ್ಕೋತೀನಿ ಕೊಡು" ಅಂತ ಬಂದ. ಅವನೂ ಚಾರ್ಮಾಡಿ ಇಳಿಯೋನೇ. ಕೊಡ್ಲಿಲ್ಲ, ಅವನ ಗಾಡಿ ಕೆಳಗೇ ಅವನನ್ನ ಕರ್ಕೊಂಡು ಹೋಗಿ ರಾಡ್ ಎಲ್ಲಿದೆ ತೋರ್ಸಿದೆ, ಅದರ ಮೇಲೂ ಮಣ್ಣು ಕಟ್ಟಿತ್ತು.