ಹಾಯಿದೋಣಿಗೆ ಎಲೆಕ್ಟ್ರಿಕ್ ಮೋಟಾರ್: ಎರಡು ಮಳೆಗಾಲ ಕಳೆದ ಮೇಲೆ

ನಮ್ಮ ತೋಟ ಆಲೂರು ಕಡೆ, ಹೇಮಾವತಿ ಹಿನ್ನೀರಿನ ಅಂಚಿನಲ್ಲಿದೆ. ಅಪ್ಪ ಮಂಗಳೂರಿನಿಂದ ಲಾರಿಯಲ್ಲಿ ತರಿಸಿದ 20 ಅಡಿ ಫೈಬರ್ ಹಾಯಿದೋಣಿ ಒಂದಿದೆ. 2024ರ ಶುರುವಿನಲ್ಲಿ ರೋಬಸ್ಟಾ ಕಾಫಿಗೆ ಒಳ್ಳೆ ರೇಟ್ ಬಂತು. ಆ ದುಡ್ಡಿನಲ್ಲಿ ಡೀಸೆಲ್ ಇಂಜಿನ್ ತೆಗೆಸಿ, 48 ವೋಲ್ಟ್ ಮೋಟಾರ್ ಮತ್ತು ಲಿಥಿಯಂ ಬ್ಯಾಟರಿ ಹಾಕಿಸಿದೆ. ಎಲ್ಲಾ ಸೇರಿ ಎರಡೂವರೆ ಲಕ್ಷ ಆಯಿತು.

ಮುಂಚೆ ಬೆಳಗ್ಗೆ ಹೊರಡಬೇಕೆಂದರೆ ಆಯಿಲ್ ನೋಡಬೇಕು, ಡೀಸೆಲ್ ಪೈಪಿನ ಏರ್ ತೆಗೆಯಬೇಕು, ಹ್ಯಾಂಡಲ್ ಹಾಕಿ ತಿರುಗಿಸಬೇಕು. ಅಷ್ಟರಲ್ಲಿ ಅಂಗೈ ಕಪ್ಪು, ಕಾಫಿ ಲೋಟಕ್ಕೂ ಡೀಸೆಲ್ ವಾಸನೆ. ಈಗ ಕೀ ತಿರುಗಿಸಿದರೆ ಒಳಗೆಲ್ಲೋ ಟಕ್ ಅನ್ನುತ್ತದೆ, ಅಷ್ಟೇ. ಫ್ಲಾಸ್ಕ್ ಕಾಲ ಬುಡದಲ್ಲಿಟ್ಟು, ಚುಕ್ಕಾಣಿ ಹಿಡಿದು ನಿಧಾನಕ್ಕೆ ಹೊರಡುತ್ತೇನೆ. ನೀರಿನಲ್ಲಿ ನಿಂತೇ ಒಣಗಿದ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿರುತ್ತವೆ. ಇಂಜಿನ್ ಸದ್ದಿಗೆ ಅವು ದೂರದಿಂದಲೇ ಹಾರಿಹೋಗುತ್ತಿದ್ದವು. ಈಗ ಪಕ್ಕದಲ್ಲೇ ಹೋದರೂ ಕುತ್ತಿಗೆ ತಿರುಗಿಸಿ ನೋಡುತ್ತವೆ, ಏಳುವುದಿಲ್ಲ. ಮೊದಲ ಸಲ ಅದನ್ನು ಕಂಡ ದಿನ ನಾನೂ ನಮ್ಮನೆಯವಳೂ ಹಿನ್ನೀರಿನಲ್ಲಿ ಪಾಳುಬಿದ್ದಿರುವ ಶೆಟ್ಟಿಹಳ್ಳಿ ಚರ್ಚ್ ತನಕ ಹೋಗಿಬಂದೆವು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮಾತು ಬೇಕು ಅನ್ನಿಸಲೇ ಇಲ್ಲ.

ಎಷ್ಟು ದೂರ ಹೋಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಅದು ವೇಗದ ಮೇಲಿದೆ. ಬ್ಯಾಟರಿಯಲ್ಲಿರುವುದು ಸುಮಾರು 5 ಯೂನಿಟ್. ನೀರಿನಲ್ಲಿ ವೇಗ ಎರಡು ಪಟ್ಟು ಮಾಡಲು ಪವರ್ ಹೆಚ್ಚುಕಡಿಮೆ ಎಂಟು ಪಟ್ಟು ಬೇಕು. 1 ಕಿಲೋವ್ಯಾಟ್ ಒಳಗಿದ್ದರೆ ನಾಲ್ಕು ಗಂಟೆ ಆರಾಮ. 4 ಕಿಲೋವ್ಯಾಟಿಗೆ ಏರಿಸಿದರೆ ಒಂದು ಗಂಟೆಗೆಲ್ಲ ಮುಗಿಯುತ್ತಾ ಬರುತ್ತದೆ. ಗಾಳಿ ಎದ್ದ ಮೇಲೆ ಹಾಯಿ ಇದೆಯಲ್ಲ, ಮೋಟಾರ್ ಆಫ್. ಹಾಯಿಯಲ್ಲಿ ಹೋಗುವಾಗ ಪ್ರೊಪೆಲ್ಲರ್ ತಿರುಗಿ ಬ್ಯಾಟರಿ ತುಂಬುತ್ತದೆ ಅಂದಿದ್ದರು. ಇಷ್ಟು ಸಣ್ಣ ದೋಣಿಗೆ ಅದು ಲೆಕ್ಕಕ್ಕೇ ಇಲ್ಲ. ದೋಣಿ ಸುಮ್ನೆ ನಿಧಾನವಾಗುತ್ತದೆ.

ಇನ್ನು ಚಾರ್ಜರ್. ಜೊತೆಗೆ ಕೊಟ್ಟ ಚಾರ್ಜರ್ ಕರೆಂಟ್ ಹೋದರೆ ನಿಲ್ಲುತ್ತದೆ, ಸರಿ. ಆದರೆ ಕರೆಂಟ್ ಬಂದರೆ ತಾನಾಗಿ ಶುರುವಾಗುವುದಿಲ್ಲ. ಬಟನ್ ಒತ್ತಬೇಕು! ಪೇಟೆಯಲ್ಲಿ ಇದು ಗೊತ್ತೇ ಆಗದೇನೋ. ಜುಲೈನಲ್ಲಿ ನಮ್ಮ ಕಡೆ ಸಿಲ್ವರ್ ಓಕ್ ಮರದ ಕೊಂಬೆ ಕರೆಂಟ್ ಲೈನ್ ಮೇಲೆ ಬೀಳುತ್ತಲೇ ಇರುತ್ತದೆ. ರಾತ್ರಿ ಐದಾರು ಸಲ ಕರೆಂಟ್ ಹೋಗಿ ಬರುತ್ತದೆ. ಪ್ರತಿ ಸಲವೂ ಕೊಡೆ, ಟಾರ್ಚ್ ಹಿಡಿದು ಷೆಡ್ಡಿಗೆ ಇಳಿಯಬೇಕು. ವಾಪಸ್ ಬಂದು ನೋಡಿದರೆ ಕಾಲಲ್ಲಿ ಉಂಬಳ. ನಿದ್ದೆ ಹತ್ತಿ ಎರಡು ಸಲ ತಪ್ಪಿಸಿದರೆ ಬೆಳಗ್ಗೆ ಬ್ಯಾಟರಿ 38 ಪರ್ಸೆಂಟ್. ಮಾರಿದವರಿಗೆ ಫೋನ್ ಮಾಡಿದರೆ, "ಅದು ಸೇಫ್ಟಿಗೆ ಸಾರ್" ಅಂದರು. ಎರಡನೇ ಸಲ ಫೋನೇ ಎತ್ತಲಿಲ್ಲ. ಮೊದಲ ಮಳೆಗಾಲದಲ್ಲಿ ಹಳೇ ಇಂಜಿನ್ನನ್ನೇ ವಾಪಸ್ ಕೂರಿಸಿಬಿಡೋಣ ಅನ್ನುವಷ್ಟು ಬೇಸರವಾಗಿತ್ತು.

ಕೊನೆಗೆ ಹಾಸನದ ಎಲೆಕ್ಟ್ರಿಷಿಯನ್ ಒಬ್ಬರು ಈ ಬ್ಯಾಟರಿಗೆ ಹೊಂದುವ ಬೇರೆ ಚಾರ್ಜರ್ ತರಿಸಿಕೊಟ್ಟರು. 16 ಸಾವಿರ. ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುತ್ತದೆ. ಎರಡನೇ ಮಳೆಗಾಲ ನಿದ್ದೆ ಕೆಡಲಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ವೈರ್ ದೋಣಿಗೆ ಮುಟ್ಟುವುದಿಲ್ಲ. ಬ್ಯಾಟರಿಯ ಎರಡು ಪೆಟ್ಟಿಗೆಯನ್ನೂ ತಳ್ಳುಗಾಡಿಯಲ್ಲಿ ಷೆಡ್ಡಿಗೆ ತರುತ್ತೇನೆ. ಅದು ನನಗೆ ಕಷ್ಟ ಅನ್ನಿಸಿಲ್ಲ.

ಹಾಕಿಸುವ ಯೋಚನೆ ಇದ್ದರೆ ಹಾಕಿಸಿ. ಆದರೆ ಪೂರ್ತಿ ದುಡ್ಡು ಕೊಡುವ ಮುಂಚೆ ಚಾರ್ಜಿಗೆ ಹಾಕಿಸಿ, ಮೇನ್ ಸ್ವಿಚ್ ಒಮ್ಮೆ ಆಫ್ ಮಾಡಿ, ಆನ್ ಮಾಡಿ, ಚಾರ್ಜರ್ ಏನು ಮಾಡುತ್ತದೆ ಅಂತ ನಿಂತು ನೋಡಿ.