ಕ್ಯಾನ್ಸರ್ ರೋಗಿಯ ಮನೆಗೇ ಬರುವ ಉಪಶಮನ ಆರೈಕೆ ತಂಡ: ಮಲೆನಾಡಿನಿಂದ ಒಂದು ವಿಮರ್ಶೆ

ಶಿವಮೊಗ್ಗದಲ್ಲಿ ಕಚೇರಿ ಇಟ್ಟುಕೊಂಡು ಸುತ್ತಲಿನ ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಉಪಶಮನ ಆರೈಕೆ (ರೋಗಿಯ ನೋವು, ಸಂಕಟ ತಗ್ಗಿಸಿ ಮನೆಯವರಿಗೂ ಆಸರೆಯಾಗುವ ಆರೈಕೆ) ಕೊಡುವ ಒಂದು ಸಣ್ಣ ದತ್ತಿ ತಂಡದ ಸೇವೆಯನ್ನು ನಮ್ಮ ಕುಟುಂಬ ಕಳೆದ ವರ್ಷ ಮಳೆಗಾಲ ಹಿಡಿಯುವ ಮುಂಚಿನಿಂದ ಅಡಿಕೆ ಕೊಯ್ಲಿನವರೆಗೆ ಪಡೆದಿತ್ತು. ಒಬ್ಬರು ವೈದ್ಯರು, ಇಬ್ಬರು ನರ್ಸ್‌ಗಳು, ಒಬ್ಬರು ಆಪ್ತಸಮಾಲೋಚಕಿ, ಒಬ್ಬ ಜೀಪ್ ಚಾಲಕ, ಇಷ್ಟೇ ಮಂದಿಯ ತಂಡ ಅದು. ಒಪ್ಪಿಕೊಂಡಿರುವ ಮನೆಗಳನ್ನು ಸುತ್ತುವುದೇ ಕಷ್ಟವಾಗಿರುವಾಗ ಪ್ರಚಾರ ಬೇಡವೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಹೆಸರು ಬರೆಯುತ್ತಿಲ್ಲ. ಇಂಥ ತಂಡಗಳು ಬೇರೆ ಜಿಲ್ಲೆಗಳಲ್ಲಿಯೂ ಇವೆ. ಅವುಗಳಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಓದುವವರಿಗೆ ತಿಳಿದರೆ ಈ ಬರಹದ ಕೆಲಸ ಆದಂತೆ.

ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಬಹಳ ಒಳ್ಳೆಯದಿದೆ; ತಕರಾರು ಇರುವುದು ಜನ ಅದನ್ನು ಕರೆಯುವ ಹೊತ್ತಿನ ಬಗ್ಗೆ. ‘ಇನ್ನೇನೂ ಮಾಡುವ ಹಾಗಿಲ್ಲ’ ಎಂದು ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ ಬರುವವರು ಇವರು ಎಂದೇ ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ಆದರೆ ವರದಿ ಕೈಗೆ ಬಂದ ವಾರದಲ್ಲೇ ಮನೆಯವರ ನಿದ್ದೆ, ಊಟ, ಮಾತು ಎಲ್ಲವೂ ಕೆಟ್ಟಿರುತ್ತವೆ. ಚಿಕಿತ್ಸೆ ಇನ್ನೂ ನಡೆಯುತ್ತಿರುವಾಗಲೇ ಇವರು ಬಂದರೆ ಆಗುವ ಉಪಯೋಗ ಕೊನೆಯ ಹದಿನೈದು ದಿನಗಳಲ್ಲಿ ಬಂದರೆ ಆಗುವುದಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗ ‘ಇದಕ್ಕೆ ಆಧಾರ ಏನು?’ ಎಂದು ನೇರವಾಗಿ ಕೇಳಿದಾಗ ತಂಡದ ವೈದ್ಯರು ಬೇಸರ ಮಾಡಿಕೊಳ್ಳದೆ 2010ರಲ್ಲಿ ಪ್ರಕಟವಾದ ಅಮೆರಿಕದ ಬಾಸ್ಟನ್ನಿನ ಒಂದು ಅಧ್ಯಯನವನ್ನು ವಿವರಿಸಿದರು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯಲ್ಲಿ, ಮಾಮೂಲಿ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಮನ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು. ಅವರು ಬದುಕಿದ ಮಧ್ಯಮ ಅವಧಿ (ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 11.6 ತಿಂಗಳಾಗಿದ್ದರೆ ಉಳಿದವರದು 8.9 ತಿಂಗಳಾಗಿತ್ತು. ಎಲ್ಲ ಕ್ಯಾನ್ಸರಿಗೂ ಇದೇ ಲೆಕ್ಕ ಎಂದು ಹೇಳಲಾಗದು ಎಂಬ ಮಾತನ್ನೂ ಅವರೇ ಸೇರಿಸಿದರು. ಅವನು ಆಮೇಲೆ ಅಡ್ಡ ಮಾತಾಡಲಿಲ್ಲ.

ರೋಗಿ ನನ್ನ ಚಿಕ್ಕಪ್ಪ. ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರು, ಅರವತ್ತು ದಾಟಿದವರು, ಹರೆಯದಿಂದಲೂ ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿದವರು. ಕೆನ್ನೆಯ ಒಳಭಾಗದ ಗಡ್ಡೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಎರಡೂ ಆಗಿದ್ದವು. ಅನಂತರ ಅದು ಕತ್ತಿನಲ್ಲಿ ಮರುಕಳಿಸಿತು. (ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವೆನ್ನುವ ಗುಂಪಿಗೆ, ಸೇರಿಸಿದೆ. ತೋಟವೇ ಅನ್ನ ಕೊಡುವ ನಮ್ಮ ಊರುಗಳಲ್ಲಿ ಈ ವಿಷಯ ಎತ್ತಿದರೆ ಪಂಕ್ತಿಯಲ್ಲಿ ಕೂತವರು ಎದ್ದು ಹೋಗುತ್ತಾರೆ.) ಮರುಕಳಿಸಿದ ಸುದ್ದಿಯನ್ನು ನಮಗೆ ತಿಳಿಸಿದ್ದು ಬೇರೊಂದು ಖಾಸಗಿ ಆಸ್ಪತ್ರೆಯ ಮೊಗಸಾಲೆಯಲ್ಲಿ, ಎರಡು ಸ್ಟ್ರೆಚರ್‌ಗಳ ನಡುವೆ ನಿಲ್ಲಿಸಿಕೊಂಡು. ಮನೆಗೆ ಕರೆದುಕೊಂಡು ಹೋಗಿ ಎಂದರು. ಹೋಗಿ ಏನು ಮಾಡಬೇಕು ಎಂಬುದನ್ನು ಹೇಳಲಿಲ್ಲ.

ತಂಡದ ಮೊದಲ ಭೇಟಿಯ ದಿನ ಚಿಕ್ಕಮ್ಮ ನರ್ಸ್‌ನ್ನು ಅಂಗಳದಲ್ಲೇ ತಡೆದು, ಅವರಿಗೆ ಕಾಯಿಲೆ ತಿರುಗಿ ಬಂದಿರುವುದನ್ನು ಹೇಳಬೇಡಿ, ಧೈರ್ಯ ಕಳೆದುಕೊಳ್ಳುತ್ತಾರೆ ಎಂದು ಕೇಳಿಕೊಂಡರು. ನರ್ಸ್ ಅದಕ್ಕೆ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನಾನಾಗಿ ಏನನ್ನೂ ಹೇಳುವುದಿಲ್ಲ, ಅವರು ಕೇಳಿದರೆ ಸುಳ್ಳು ಹೇಳುವುದೂ ಇಲ್ಲ ಎಂದರು. ಒಳಗೆ ಬಂದು ಜಗಲಿಯಲ್ಲಿ ಚಿಕ್ಕಪ್ಪನ ಮಂಚದ ಪಕ್ಕ ಕೂತು, ‘ಗೌಡ್ರೇ, ನಿಮ್ಮ ಕಾಯಿಲೆ ವಿಷಯ ನಿಮಗೆ ಎಷ್ಟು ಗೊತ್ತು? ಇನ್ನೂ ತಿಳ್ಕೋಬೇಕು ಅನ್ಸುತ್ತಾ?’ ಎಂದು ಕೇಳಿದರು. ಚಿಕ್ಕಪ್ಪ ಅಸ್ಪಷ್ಟವಾಗಿ, ಪದ ಪದ ಬಿಡಿಸಿ, ‘ಅದು ತಿರುಗಿ ಬಂದಿದೆ ಅಂತ ಗೊತ್ತು ಮಗಾ. ಈ ಸಲ ಅಡಿಕೆ ಕೊನೆ ಯಾರು ತೆಗೆಸ್ತಾರೆ ಅನ್ನೋದು ಗೊತ್ತಾಗಬೇಕು’ ಎಂದರು. ಅವರಿಗೆ ತಿಳಿಯಬಾರದೆಂದು ಮನೆಮಂದಿ ಹಿತ್ತಲಲ್ಲಿ ಪಿಸುಗುಡುತ್ತಿದ್ದುದು ಆ ದಿನವೇ ನಿಂತಿತು. ಮಗನಿಗೆ ತೋಟದ ಲೆಕ್ಕಪುಸ್ತಕ, ಬ್ಯಾಂಕಿನ ಸಾಲ, ಗಡಿಕಲ್ಲಿನ ತಕರಾರು ಎಲ್ಲವನ್ನೂ ಚಿಕ್ಕಪ್ಪ ತಾವೇ ವಿವರಿಸಿದ್ದು ಆಮೇಲಿನ ಕೆಲವೇ ವಾರಗಳಲ್ಲಿ, ಮಾತು ಪೂರ್ತಿ ನಿಲ್ಲುವ ಮುಂಚೆ. ಈ ಒಂದು ಸಂಭಾಷಣೆಗಾಗಿಯೇ ನಾನು ಈ ಸೇವೆಗೆ ಪೂರ್ಣ ಅಂಕ ಕೊಡಬಲ್ಲೆ.

ನೋವಿನ ವಿಷಯದಲ್ಲಿ ಅವರ ಕೆಲಸ ಅಚ್ಚುಕಟ್ಟು. ಅಫೀಮಿನಿಂದ ತಯಾರಾಗುವ ನೋವಿನ ಔಷಧಿ ಮಾರ್ಫಿನ್ ಎಂದ ಕೂಡಲೇ ಮನೆಯಲ್ಲಿ ಎರಡು ಭಯ ಎದ್ದವು: ಚಟವಾಗುತ್ತದೆ ಎಂಬುದೊಂದು, ಅದು ಕೊಟ್ಟರೆ ಕಥೆ ಮುಗಿಯಿತು ಎಂಬುದು ಇನ್ನೊಂದು. ಕ್ಯಾನ್ಸರ್ ನೋವಿಗೆ ವೈದ್ಯರ ಲೆಕ್ಕದಂತೆ ನುಂಗುವ ಮಾರ್ಫಿನ್ ಚಟ ಹಿಡಿಸುವುದು ತೀರಾ ಅಪರೂಪ, ಸಾವನ್ನು ಹತ್ತಿರ ತರುವುದೂ ಇಲ್ಲ ಎಂಬುದನ್ನು ವೈದ್ಯರು ಬಂದವರಿಗೆಲ್ಲ ಪ್ರತಿ ಸಲವೂ ಸಮಾಧಾನದಿಂದ ವಿವರಿಸಿದರು. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನರ್ಸ್ ಬರೆದುಕೊಟ್ಟ ಪಟ್ಟಿಯಲ್ಲಿ ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಹೊತ್ತುಗಳಿದ್ದವು. ನಡುರಾತ್ರಿ ಎಬ್ಬಿಸುವುದು ಬೇಡವೆಂದು ಹತ್ತು ಗಂಟೆಯ ಪ್ರಮಾಣ ಮಾತ್ರ ಎರಡರಷ್ಟು. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮುಂಚೆ ಹೊತ್ತಿಗೆ ಸರಿಯಾಗಿ ಕೊಡುವುದು ಎಂಬ ಸೂತ್ರವನ್ನು ಚಿಕ್ಕಮ್ಮ ಹಾಲು ಕರೆಯುವ ಹೊತ್ತಿಗೆ ಹೊಂದಿಸಿಕೊಂಡರು. ಮಾರ್ಫಿನ್ ಜೊತೆಗೆ ಮಲಬದ್ಧತೆಯ ಔಷಧಿ ತಪ್ಪದೇ ಇರಬೇಕೆಂಬುದನ್ನು ಅಡಿಗೆರೆ ಎಳೆದು ಬರೆದಿದ್ದರು. ಈ ಮಾತ್ರೆ ತಾಲ್ಲೂಕಿನ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳನ್ನು 2014ರ ತಿದ್ದುಪಡಿ ಸಡಿಲಿಸಿದ ಮೇಲೂ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಮಾತ್ರ ಸಿಗುವ ಸ್ಥಿತಿ ನಮ್ಮ ಕಡೆ ಮುಂದುವರಿದಿದೆ. ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶದಲ್ಲಿ ಹೀಗಿರುವುದು ನನಗೆ ಇನ್ನೂ ಅರಗಿಲ್ಲ.

ಗಾಯದ ವಾಸನೆಯ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಕತ್ತಿನ ಗಡ್ಡೆ ಒಡೆದು ಹುಣ್ಣಾದಾಗ ಜಗಲಿಗೆ ಬಂದವರು ಮಾತಾಡಿಸಿದ ಹಾಗೆ ಮಾಡಿ ಅಂಗಳಕ್ಕೆ ಇಳಿದುಬಿಡುತ್ತಿದ್ದರು. ಮೊಮ್ಮಗು ಅಜ್ಜನ ಹತ್ತಿರ ಹೋಗುವುದನ್ನು ಬಿಟ್ಟಿತು. ಅದನ್ನು ಚಿಕ್ಕಪ್ಪ ಗಮನಿಸುತ್ತಿದ್ದರು. ನರ್ಸ್ ಮಾಡಿದ್ದು ಇಷ್ಟೇ: ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು ಹಾಕಿ ಹುಣ್ಣನ್ನು ತೊಳೆದು, ಸೋಂಕಿನ ಔಷಧಿಯಾದ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ, ಮೇಲೆ ಬಟ್ಟೆ ಕಟ್ಟಿದರು. ಅಂಗಡಿಯ ಗಾಜ್ ದಿನಾ ಕೊಳ್ಳುವುದು ದುಬಾರಿ ಎಂದು ಹಳೆಯ ಹತ್ತಿ ಪಂಚೆಯನ್ನು ಕತ್ತರಿಸಿ, ಒಗೆದು, ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿ ಕುಕ್ಕರಿನಲ್ಲಿ ಹಬೆಯಾಡಿಸುವುದನ್ನು ಸೊಸೆಗೆ ಕಲಿಸಿದರು. ವಾರ ತುಂಬುವುದರೊಳಗೆ ವಾಸನೆ ಇಳಿಯಿತು, ಬಂದವರು ಮೊದಲಿನ ಹಾಗೆ ಮಂಚದ ಪಕ್ಕದಲ್ಲೇ ಕೂತು ಮಾತಾಡತೊಡಗಿದರು. ಕೆಲವೇ ರೂಪಾಯಿಯ ಮಾತ್ರೆಯ ಕೆಲಸ ಅದು. ನಾವು ಅಲ್ಲಿಯವರೆಗೆ ಅಲೆದ ಯಾವ ಕಡೆಯಲ್ಲೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂಗಿನ ನಳಿಕೆಯ ಮೂಲಕ ಊಟ ಕೊಡುವುದನ್ನೂ ಮನೆಯವರಿಗೇ ಕಲಿಸಿದರು: ತಲೆಯ ಕಡೆ ಎತ್ತರಿಸಿ ಕೂರಿಸುವುದು, ಸೋಸಿದ ಗಂಜಿ, ಬೇಳೆಕಟ್ಟು, ಮಜ್ಜಿಗೆಯನ್ನು ನಿಧಾನಕ್ಕೆ ಇಳಿಸುವುದು, ಮುಂಚೆ ಮತ್ತು ಆಮೇಲೆ ನೀರು ಹಾಯಿಸುವುದು, ಅರ್ಧ ಗಂಟೆ ಮಲಗಿಸದಿರುವುದು. ನುಂಗಲಾಗದ ಮನುಷ್ಯನಿಗೆ ಬಂದವರೆಲ್ಲ ಸೇಬು ತಂದ ಕಾರಣ ಕಪಾಟು ತುಂಬಿತ್ತು. ಆನಂದಪುರದ ಬಳಿಯ ನರಸೀಪುರದ, ಕ್ಯಾನ್ಸರಿಗೆಂದು ಹೆಸರಾದ ಮರದ ಚಕ್ಕೆಯ ನಾಟಿ ಔಷಧಿಯ ಹೆಸರು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಅಂಥದೇ ಚಕ್ಕೆಯ ಕಷಾಯವನ್ನು ಸಂಬಂಧಿಕರೊಬ್ಬರು ತಂದಾಗ ನರ್ಸ್ ಜಗಳಕ್ಕೆ ಹೋಗಲಿಲ್ಲ. ‘ಗಷ್ಟು ಕೂತು ನಳಿಕೆ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಹಾಕಬೇಡಿ. ಏನೇ ಕೊಡುವುದಿದ್ದರೂ ವೈದ್ಯರನ್ನು ಕೇಳಿ. ನೋವಿನ ಮಾತ್ರೆಯನ್ನು ಮಾತ್ರ ಯಾರು ಹೇಳಿದರೂ ನಿಲ್ಲಿಸಬೇಡಿ’ ಎಂದಷ್ಟೇ ಹೇಳಿದರು. ಬೈಸಿಕೊಂಡಿದ್ದರೆ ಆ ಸಂಬಂಧಿಕರು ಕದ್ದು ಕೊಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆಪ್ತಸಮಾಲೋಚಕಿ ಎಂದರೆ ಕಣ್ಣು ಮುಚ್ಚಿ ಉಸಿರಾಡಿ ಎನ್ನುವವರು ಇರಬೇಕು ಎಂದುಕೊಂಡಿದ್ದೆವು. ಇವರು ಬಂದವರೇ ಕೇಳಿದ್ದು, ‘ಅಮ್ಮ, ನೀವು ಸತತ ನಾಲ್ಕು ಗಂಟೆ ಮಲಗಿ ಎಷ್ಟು ದಿನ ಆಯ್ತು?’ ಎಂದು. ಚಿಕ್ಕಮ್ಮನಿಗೆ ಲೆಕ್ಕ ಸಿಗಲಿಲ್ಲ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಊರಿನವರೆಲ್ಲ ಹೇಳಿ ಹೋಗುತ್ತಿದ್ದರು. ಬಾಯಿಬಿಟ್ಟು ಕೇಳುವ ಸ್ವಭಾವ ಚಿಕ್ಕಮ್ಮನದಲ್ಲ. ಆಪ್ತಸಮಾಲೋಚಕಿ ಒಂದು ಹಾಳೆಯಲ್ಲಿ ಮನೆಯ ಕೆಲಸಗಳನ್ನೆಲ್ಲ ಬರೆಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದರು. ಹಾಗೆ ಹೇಳಿದವರಿಗೆ ಆ ಹಾಳೆ ತೋರಿಸಿ, ಇದರಲ್ಲಿ ಯಾವುದು ನಿಮಗೆ ಆಗುತ್ತದೆ ಎಂದು ಕೇಳುವ ಹೊಣೆಯನ್ನು ಸೊಸೆಗೆ ವಹಿಸಿದರು. ಡೈರಿಗೆ ಹಾಲು ಹಾಕುವುದನ್ನು ಪಕ್ಕದ ಮನೆಯ ಹುಡುಗ ಹೊತ್ತ. ಮಂಗಳವಾರ ಮತ್ತು ಶುಕ್ರವಾರದ ರಾತ್ರಿಗಳನ್ನು ನನ್ನ ಅಣ್ಣ ಹೊತ್ತ. ಅಡಿಕೆಯ ಕೊಳೆರೋಗದ ಕಾಲದಲ್ಲಿ ಬೋರ್ಡೋ ದ್ರಾವಣ ಹೊಡೆಸುವುದನ್ನೂ ಅದಾದ ಮೇಲೆ ಅಡಿಕೆ ಕೊನೆ ಕೊಯ್ಲನ್ನೂ ಊರಿನವರು ಮುಯ್ಯಾಳಿನ (ಒಬ್ಬರ ಮನೆಯ ಕೆಲಸಕ್ಕೆ ಇನ್ನೊಬ್ಬರು ದುಡಿದು ಪರಸ್ಪರ ತೀರಿಸುವ) ಲೆಕ್ಕದಲ್ಲೇ ಮುಗಿಸಿಕೊಟ್ಟರು. ಮುಯ್ಯಿ ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ, ಅದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ರೋಗಿಯ ಮನೆಗೂ ಅದನ್ನು ಲೆಕ್ಕ ಹಾಕಿ ತರಬಹುದೆಂಬುದು ಹೊರಗಿನಿಂದ ಬಂದವರಿಗೆ ಹೊಳೆಯಿತು. ನೋಡಲು ಬರುವವರಿಗೆ ಸಂಜೆ ನಾಲ್ಕರಿಂದ ಐದೂವರೆ ಎಂಬ ಹೊತ್ತು ಗೊತ್ತು ಮಾಡಿದ್ದಕ್ಕೆ ಮಾತ್ರ ಒಂದಿಬ್ಬರು ಹಿರಿಯರು ಮುನಿಸಿಕೊಂಡರು. ಮುನಿಸಿಕೊಳ್ಳಲಿ.

ಕೊರತೆಗಳೂ ಇವೆ. ತಂಡ ಬರುವುದು ವಾರದ ದಿನಗಳಲ್ಲಿ, ಹಗಲಿನಲ್ಲಿ ಮಾತ್ರ. ರಾತ್ರಿ ಫೋನಿನಲ್ಲಿ ಸಿಗುತ್ತಾರೆ ಎಂಬುದು ನಿಜ. ಆದರೆ ನಮ್ಮಂಥ ಊರಿನಲ್ಲಿ ಸಿಗ್ನಲ್ ಬೇಕೆಂದರೆ ಮಳೆಯಲ್ಲೂ ದಿಬ್ಬ ಹತ್ತಬೇಕು, ಕರೆಂಟು ಹೋದರೆ ಟವರೇ ಇರುವುದಿಲ್ಲ. ಆಷಾಢದ ಮಳೆಗೆ ದಾರಿ ಕೊಚ್ಚಿ ಜೀಪು ಹಳ್ಳದ ಆಚೆಯೇ ನಿಂತಾಗ ನರ್ಸ್ ಕಾಲುಸಂಕ ದಾಟಿ ನಡೆದು ಬಂದದ್ದು ದೊಡ್ಡ ಗುಣ. ಆದರೆ ವ್ಯವಸ್ಥೆಯೊಂದು ನರ್ಸ್‌ಗಳ ಒಳ್ಳೆಯತನವನ್ನೇ ನೆಚ್ಚಿ ನಡೆಯಬಾರದು. ಮಳೆಗಾಲಕ್ಕೆ ಮುಂಚೆ ಹೆಚ್ಚುವರಿ ಔಷಧಿ ಕೊಟ್ಟು, ಇದ್ದಕ್ಕಿದ್ದಂತೆ ರಕ್ತ ಬಂದರೆ, ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಬರೆದುಕೊಡುವ ಕ್ರಮ ಎಲ್ಲ ಮನೆಗಳಿಗೂ ಇರಬೇಕು. ನಮಗೆ ಅದು ಕೇಳಿದ ಮೇಲೆ ಸಿಕ್ಕಿತು. ತಂಡದಲ್ಲಿ ವೈದ್ಯರು ಒಬ್ಬರೇ ಆದ್ದರಿಂದ ಅವರು ರಜೆಯಲ್ಲಿದ್ದಾಗ ಮಾತ್ರೆಯ ಪ್ರಮಾಣ ಬದಲಿಸುವ ತೀರ್ಮಾನ ತಡವಾಯಿತು.

ಖರ್ಚಿನ ವಿಷಯ ಚಿಕ್ಕದು. ಭೇಟಿಗೂ ಮಾರ್ಫಿನ್‌ಗೂ ಹಣ ತೆಗೆದುಕೊಳ್ಳುವುದಿಲ್ಲ. ಕೊಡಬಲ್ಲವರು ದೇಣಿಗೆ ಕೊಡುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಆದರೆ ಮನೆಯಲ್ಲಿ ಮಲಗಿದವರಿಗೆ ಬೇಕಾಗುವ ಗಾಳಿ ಹಾಸಿಗೆ, ಡಯಾಪರ್, ಬ್ಯಾಂಡೇಜ್ ಕೈಯಿಂದಲೇ ಹೋಗುತ್ತವೆ. ಗಾಳಿ ಹಾಸಿಗೆಯನ್ನು ತಂಡವೇ ಎರವಲು ಕೊಟ್ಟಿತು.

ದೀಪಾವಳಿ ಕಳೆದ ಮೇಲೆ, ಕೊಯ್ಲು ಅರ್ಧಕ್ಕೆ ಬಂದಿದ್ದಾಗ ಚಿಕ್ಕಪ್ಪ ಮನೆಯಲ್ಲೇ ತೀರಿಕೊಂಡರು. ಸಾವಿನ ಕಾರಣದ ಪತ್ರವನ್ನು ತಂಡದ ವೈದ್ಯರು ಬರೆದುಕೊಟ್ಟದ್ದರಿಂದ, 21 ದಿನಗಳ ಒಳಗೆ ಮಾಡಿಸಬೇಕಾದ ಮರಣ ನೋಂದಣಿಗೆ ಅಲೆದಾಟ ಆಗಲಿಲ್ಲ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಸಹಿ ಪಡೆದು ವಾಪಸು ಒಯ್ದರು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ವಾರ, ಯಾರೂ ಕರೆಯದೆ, ಆಪ್ತಸಮಾಲೋಚಕಿ ಚಿಕ್ಕಮ್ಮನನ್ನು ನೋಡಲು ಬಂದರು; ಚಿಕ್ಕಮ್ಮನ ರಕ್ತದೊತ್ತಡದ ಮಾತ್ರೆ ತಿಂಗಳಿಂದ ತಪ್ಪಿಹೋಗಿದ್ದುದು ಪತ್ತೆಯಾದದ್ದು ಆಗಲೇ.

ಚಿಕಿತ್ಸೆ ನೀಡುತ್ತಿರುವ ವೈದ್ಯರ ಪತ್ರದ ಮೂಲಕವೇ ಈ ತಂಡ ಹೊಸ ಮನೆಗಳನ್ನು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಉಪಶಮನ ಆರೈಕೆಗೆ ಬರೆದುಕೊಡಿ ಎಂದು ಮೊದಲ ವರದಿ ಬಂದಾಗಲೇ ಕೇಳುವುದು ಒಳ್ಳೆಯದು. ಕೀಮೊ, ಮನೆಯಲ್ಲೇ ಗ್ಲೂಕೋಸ್ ಡ್ರಿಪ್, ಆಂಬ್ಯುಲೆನ್ಸ್ ಇವುಗಳನ್ನು ಇವರಿಂದ ನಿರೀಕ್ಷಿಸಬಾರದು. ನೋಂದಣಿಗೆ ಬಯಾಪ್ಸಿ ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ, ಆಧಾರ್ ಇವುಗಳ ನಕಲು ಸಾಕು. ಮನೆಯ ತನಕ ಜೀಪು ಬರುತ್ತದೆಯೇ, ಬಾರದಿದ್ದರೆ ಎಷ್ಟು ದೂರ ನಡೆಯಬೇಕು, ಫೋನ್ ಎಲ್ಲಿ ನಿಂತರೆ ಸಿಗುತ್ತದೆ ಎಂಬುದನ್ನು ಮೊದಲ ಕರೆಯಲ್ಲೇ ತಿಳಿಸಿದರೆ ಅವರಿಗೆ ಅರ್ಧ ದಿನ ಉಳಿಯುತ್ತದೆ.